ಮತ ಖಾತ್ರಿ ಯಂತ್ರ
ಮತದಾರರು ಒತ್ತಿದ ಗುಂಡಿಗೆ ತಕ್ಕಂತೆಯೇ ಮತ ಬಿದ್ದಿತೇ ಎಂಬುದನ್ನು ಅವರ ಕಣ್ಣಿಗೇ ತೋರಿಸಲು ವಿದ್ಯುನ್ಮಾನ ಮತಯಂತ್ರಕ್ಕೆ ಜೋಡಿಸುವ ಮುದ್ರಣ ಸಾಧನ. ವಿವಿಪ್ಯಾಟ್ ಎಂಬುದು ರೂಢಿಯ ಹೆಸರು. ತಯಾರಕರು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್.

ಮೂಲ ಮತಯಂತ್ರ 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಕೆಯಾಯಿತು. ಯಂತ್ರಗಳು ಬಳಸುವವರಿಗೆ ಒಗ್ಗುವಂತಿರಬೇಕೆಂದು ಅಧ್ಯಯನ ಮಾಡುವ ಮಾನವ ಅಂಶಗಳ ಮನೋವಿಜ್ಞಾನ ಬಯಸುವ ತಕ್ಷಣದ ಮರುಸೂಚನೆಯನ್ನು ಅದರ ಕೆಂಪು ದೀಪ ಮತ್ತು ಬೀಪ್ ಸದ್ದು ನೀಡುತ್ತವೆ. ಓದು ಬಾರದವರಿಗೆ ಚಿಹ್ನೆಯೂ ದೃಷ್ಟಿ ಇಲ್ಲದವರಿಗೆ ಬ್ರೈಲ್ ಅಂಕಿಯೂ ಇವೆ. ಆದರೆ ಇವು ಗುಂಡಿ ಒತ್ತಿದ್ದನ್ನು ತಿಳಿಸುತ್ತವೆಯೇ ಹೊರತು ಒಳಗೆ ದಾಖಲಾದುದನ್ನಲ್ಲ. ಈ ಕೊರತೆ ನೀಗಲು ಬಂದ ವಿವಿಪ್ಯಾಟ್ 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲು ಬಳಕೆಗೆ ಬಂತು. ಅದೇ ವರ್ಷ ಸುಪ್ರೀಂ ಕೋರ್ಟ್ ಕಾಗದದ ದಾಖಲೆ ಅನಿವಾರ್ಯ ಎಂದಿತು.

ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆಯುಳ್ಳ ಚೀಟಿ ಗಾಜಿನ ಹಿಂದೆ 7 ಸೆಕೆಂಡು ಕಂಡು, ತಾನೇ ತುಂಡಾಗಿ ಮುಚ್ಚಿದ ಪೆಟ್ಟಿಗೆಗೆ ಬೀಳುತ್ತದೆ. ಕೈಗೆ ಸಿಗದ ಕಾರಣ ಗೋಪ್ಯತೆ ಉಳಿಯುತ್ತದೆ. ಚೀಟಿ ತಪ್ಪೆಂದು ದೂರಿದವರಿಂದ ಲಿಖಿತ ಘೋಷಣೆ ಪಡೆದು ಪರೀಕ್ಷಾ ಮತ ಹಾಕಿಸುವ ನಿಯಮವಿದೆ. ಕರ್ನಾಟಕದಲ್ಲಿ 2018ರ ವಿಧಾನಸಭಾ ಚುನಾವಣೆಯಲ್ಲಿ ಎಲ್ಲ ಮತಗಟ್ಟೆಗಳಿಗೂ ವಿವಿಪ್ಯಾಟ್ ಒದಗಿಸಲಾಯಿತು.

2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದ 5 ಮತಗಟ್ಟೆಗಳ ಚೀಟಿ ಎಣಿಸಿ ಮತಯಂತ್ರದ ಎಣಿಕೆಯೊಂದಿಗೆ ತಾಳೆ ನೋಡಲಾಗುತ್ತದೆ. ಎಲ್ಲ ಚೀಟಿಗಳನ್ನೂ ತಾಳೆ ನೋಡಬೇಕೆಂಬ ಕೋರಿಕೆಯನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲಿನಲ್ಲಿ ತಳ್ಳಿಹಾಕಿತು.