‘ಫೋರ್ಟ್ ಸ್ಟಿಕೀನ್’ ನೌಕೆಯ ಚರಿತ್ರೆ

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದ ವೇಗಕ್ಕೆ ಆ ದೇಶದ ಹಡಗುಕಟ್ಟೆಗಳು ಸರಿದೂಗಲಾರದೆ ಹೋದುವು. ಆದಕಾರಣ ಕೆನಡಾ ದೇಶದಲ್ಲಿ ಒಂದೇ ಮಾದರಿಯ ಹಡಗುಗಳನ್ನು ಸಾಲುಸಾಲಾಗಿ ಕಟ್ಟಿಸುವ ಏರ್ಪಾಡಾಯಿತು. ಇವುಗಳಲ್ಲೊಂದು ವರ್ಗಕ್ಕೆ ಕೋಟೆಗಳ ಹೆಸರನ್ನಿಟ್ಟರು. ‘ಫೋರ್ಟ್ ಸ್ಟಿಕೀನ್’ ಎಂಬುದು ಹಡ್ಸನ್ ಬೇ ಕಂಪೆನಿಯು ಅಲಾಸ್ಕದ ತೀರದಲ್ಲಿ ಗುತ್ತಿಗೆಗೆ ಪಡೆದಿದ್ದ ತುಪ್ಪುಳು ವ್ಯಾಪಾರದ ಠಾಣೆ. 1842ರಲ್ಲಿ ಅದರ ಅಧಿಕಾರಿಯು ತನ್ನ ಆಳುಗಳ ಕೈಯಿಂದಲೇ ಹತನಾದನು. ಸರಿಯಾಗಿ ನೂರು ವರ್ಷಗಳ ಬಳಿಕ, 1942ರಲ್ಲಿ, ಬ್ರಿಟಿಷ್ ಕೊಲಂಬಿಯದ ಪ್ರಿನ್ಸ್ ರೂಪರ್ಟ್ ಪಟ್ಟಣದಲ್ಲಿ ಈ ಹೆಸರಿನ ನೌಕೆ ಸಿದ್ಧವಾಯಿತು.

ನೌಕೆಯ ಗಾತ್ರ 7,142 ಟನ್ನು, ಉಗಿಯಂತ್ರದಿಂದ ನಡೆಯುವಂಥದು, ಐದು ಸರಕಿನ ಕೋಣೆಗಳು. ಅಮೆರಿಕದ ಹಣದಿಂದ ನಿರ್ಮಿತವಾಗಿ, ಎರವಲಿನ ಒಪ್ಪಂದದ ಮೇರೆಗೆ ಬ್ರಿಟನ್ನಿನ ಯುದ್ಧಸಾರಿಗೆಯ ಇಲಾಖೆಯ ಸೇವೆಗೆ ಸೇರಿತು. ಅದರ ಆಯುಷ್ಯವಾದರೋ ಸುಮಾರು ಎರಡೇ ವರ್ಷ.

1944ರ ಫೆಬ್ರವರಿ 24ರಂದು ಅದು ಬರ್ಕನ್‌ಹೆಡ್ಡಿನಿಂದ ಹೊರಟಿತು. ಒಡಲಲ್ಲಿ ಸುಮಾರು 1,395 ಟನ್ನು ಮದ್ದುಗುಂಡುಗಳು, ವಿಮಾನಗಳು, 31 ಪೆಟ್ಟಿಗೆಗಳಲ್ಲಿ 124 ಚಿನ್ನದ ಗಟ್ಟಿಗಳು. ಕರಾಚಿಯಲ್ಲಿ ತೆರವಾದ ಸ್ಥಳಕ್ಕೆ ಹತ್ತಿಯ ಅಂಡಿಗೆಗಳೂ ಎಣ್ಣೆಯ ಪೀಪಾಯಿಗಳೂ ಬಂದು ಸೇರಿದುವು. ಎರಡನೆಯ ಕೋಣೆಯಲ್ಲಿ ಕೆಳಗೆ ಹತ್ತಿ, ಮೇಲೆ ಸ್ಫೋಟಕ! ಶಾಂತಿಕಾಲದಲ್ಲಿ ಯಾವ ಬಂದರಿನ ಅಧಿಕಾರಿಯೂ ಒಪ್ಪದ ಕೂಡಿಕೆಯಿದು. ಹಡಗುಗಳ ಕೊರತೆಯೇ ಇದನ್ನು ಮಾಡಿಸಿತೆನ್ನಬೇಕು.

ಏಪ್ರಿಲ್ 12ರಂದು ಮುಂಬಯಿಗೆ ಬಂದು ವಿಕ್ಟೋರಿಯಾ ಡಾಕಿನಲ್ಲಿ ನಿಂತಿತು. ಅಪಾಯದ ಸರಕನ್ನು ಸೂಚಿಸುವ ಕೆಂಪು ಬಾವುಟ ಏರಲಿಲ್ಲ. 14ನೆಯ ಶುಕ್ರವಾರ ಮಧ್ಯಾಹ್ನ ಎರಡನೆಯ ಕೋಣೆಯಿಂದ ಹೊಗೆ ಕಾಣಿಸಿತು. ಅಗ್ನಿಶಾಮಕರು ಸುಮಾರು 900 ಟನ್ನು ನೀರನ್ನು ಸುರಿದರೂ ಬೆಂಕಿ ಆರಲಿಲ್ಲ, ನೀರೇ ಕುದಿಯತೊಡಗಿತು. ಹಡಗನ್ನು ಹೊರಕ್ಕೆ ಎಳೆಯಬೇಕೋ ಅಲ್ಲಿಯೇ ಮುಳುಗಿಸಬೇಕೋ ಎಂದು ತೀರ್ಮಾನಿಸಿ ಎಲ್ಲರಿಗೂ ಆಜ್ಞೆಯಿಡಬಲ್ಲ ಒಬ್ಬ ಅಧಿಕಾರಿ ಆ ದಿನ ಅಲ್ಲಿರಲಿಲ್ಲ. ಸೇನೆ, ಬಂದರು, ಅಗ್ನಿಶಾಮಕ ದಳ, ನೌಕೆಯ ನಾಯಕ—ಪ್ರತಿಯೊಬ್ಬರಿಗೂ ತಮ್ಮ ತಮ್ಮ ಅಧಿಕಾರದ ಮೇರೆಯಿದ್ದಿತು. ಬೆಂಕಿಗೆ ಮಾತ್ರ ಮೇರೆಯಿರಲಿಲ್ಲ.

ಸಂಜೆ 4 ಗಂಟೆ 6 ನಿಮಿಷಕ್ಕೆ ಮೊದಲನೆಯ ಸ್ಫೋಟ. 4 ಗಂಟೆ 34 ನಿಮಿಷಕ್ಕೆ ಇನ್ನೊಂದು. ಶಿಮ್ಲಾದ ಭೂಕಂಪಮಾಪಕದಲ್ಲಿಯೂ ಅದರ ಗುರುತು ಮೂಡಿತು. ನೆರೆಯಲ್ಲಿದ್ದ ‘ಜಲಪದ್ಮ’ ಹಡಗು ಮೇಲಕ್ಕೆಸೆಯಲ್ಪಟ್ಟಿತು. ಹತ್ತಕ್ಕೆ ಮೀರಿದ ಹಡಗುಗಳು ನಾಶವಾದುವು. ಉರಿಯುವ ಹತ್ತಿ ಕೊಳ್ಳಿಗಳಂತೆ ಊರ ಮೇಲೆ ಬಿದ್ದು, ಸಾವಿರಾರು ಮನೆಗಳು ಬೆಂದುವು. ಸತ್ತವರ ಎಣಿಕೆಯನ್ನು ಕೆಲವರು 800 ಎನ್ನುವರು, ಕೆಲವರು 1,300. ಡಾಕಿನ ಕೂಲಿಗಳ ಹೆಸರು ಯಾವ ಪಟ್ಟಿಯಲ್ಲಿಯೂ ಪೂರ್ಣವಾಗಿ ಸೇರದಿದ್ದುದರಿಂದಲೇ ಈ ಭೇದವೆಂದು ಊಹಿಸಬಹುದು. ಅಗ್ನಿಶಾಮಕರು ಮಾತ್ರ 66 ಮಂದಿ. ಯುದ್ಧಕಾಲದ ಕಟ್ಟುಪಾಡಿನಿಂದ ಪತ್ರಿಕೆಗಳು ಬಾಯಿ ತೆರೆಯುವಂತಿರಲಿಲ್ಲ. ಜಪಾನೀಯರ ಹತೋಟಿಯಲ್ಲಿದ್ದ ಸೈಗಾನ್ ಬಾನುಲಿಯಿಂದ ವಾರ್ತೆ ಮರುದಿನವೇ ಹೊರಬಿದ್ದಿತು.

ಅವಶೇಷವನ್ನು ತೆಗೆದು ಬಂದರನ್ನು ಸರಿಪಡಿಸಲು ಸುಮಾರು 8,000 ಜನ ಏಳು ತಿಂಗಳು ದುಡಿದರು. ಚಿನ್ನದ ಗಟ್ಟಿಯೊಂದು ಸುಮಾರು ಒಂದು ಮೈಲಿ ಹಾರಿ ಪಾರಸಿ ಗೃಹಸ್ಥರೊಬ್ಬರ ಮನೆಯ ಮೇಲ್ಛಾವಣಿಯನ್ನು ಭೇದಿಸಿತು. ಅವರು ಅದನ್ನು ಹಿಂದಿರುಗಿಸಿದರು. ಉಳಿದ ಗಟ್ಟಿಗಳಲ್ಲಿ ಹೆಚ್ಚಿನವು ಕೆಸರಿನಿಂದ ಬಂದುವು. ದಶಕಗಳ ತರುವಾಯವೂ ಹೂಳೆತ್ತುವವರಿಗೆ ಒಂದೆರಡು ದೊರೆತವು. ಭಾರತದ ಅಗ್ನಿಶಾಮಕ ದಳಗಳು ಏಪ್ರಿಲ್ 14ನ್ನು ಸ್ಮರಣೆಯ ದಿನವಾಗಿ ಪ್ರತಿವರ್ಷವೂ ಆಚರಿಸುತ್ತವೆ.