ತಗಡು, ಸ್ಪ್ರಿಂಗ್ ಮತ್ತು ಕಾಣದ ತರಂಗ

ದಿನವಿಡೀ ಮೊಬೈಲ್ ಬಳಸುವ ನಾವು, ಮೈಕ್ರೋವೇವ್ ತರಂಗಗಳನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಹಿಡಿದು ತೋರಿಸಿದ ಜಗದೀಶ್ ಚಂದ್ರ ಬೋಸರನ್ನು ನೆನೆಯುವುದು ಅಪರೂಪ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಗೆ ಸರಿಯಾದ ಪ್ರಯೋಗಾಲಯವಿರಲಿಲ್ಲ. ಪುಟ್ಟ ಕೋಣೆಯೊಂದರಲ್ಲಿ, ತಗಡು ಕೆಲಸಗಾರನ ನೆರವಿನಿಂದ ಉಪಕರಣಗಳನ್ನು ಮಾಡಿಸಿಕೊಂಡರು. ಸಾಲಾಗಿ ಒತ್ತಿಟ್ಟ ಸಣ್ಣ ಸ್ಪ್ರಿಂಗ್‌ಗಳು, ಒಂದು ಬ್ಯಾಟರಿ, ಒಂದು ಗ್ಯಾಲ್ವನೋಮೀಟರ್. ಸರ್ಕ್ಯೂಟ್ ಎಂದರೆ ಇಷ್ಟೇ. ತರಂಗ ತಾಕಿದೊಡನೆ ಸ್ಪ್ರಿಂಗ್‌ಗಳು ಕೂಡುವೆಡೆ ವಿದ್ಯುತ್ತಿಗಿದ್ದ ತಡೆ ಕುಗ್ಗಿ ಮೀಟರಿನ ಮುಳ್ಳು ಅಲುಗುತ್ತಿತ್ತು. ರೈಲು ವೇಳಾಪಟ್ಟಿಯ ಪುಸ್ತಕ, ಹುರಿಮಾಡಿದ ಸೆಣಬಿನ ನಾರು ಕೂಡ ಅವರ ಪ್ರಯೋಗಕ್ಕೆ ಒದಗಿದವು. 1895ರಲ್ಲಿ ಅಲ್ಲಿನ ಟೌನ್‌ಹಾಲಿನಲ್ಲಿ ತಂತಿಯಿಲ್ಲದೆ, ಗೋಡೆಗಳಾಚೆ ಗಂಟೆ ಬಾರಿಸಿ, ಸಿಡಿಮದ್ದು ಹೊತ್ತಿಸಿ ತೋರಿಸಿದರು. ಸಲಕರಣೆಗಳಿಲ್ಲವೆಂದು ವಿಜ್ಞಾನವನ್ನು ಕರಿಹಲಗೆಯಲ್ಲೇ ಮುಗಿಸುವ ನಮ್ಮ ಶಾಲೆಗಳಲ್ಲಿ, ಮೊದಲು ಹೇಳಬೇಕಾದ ಪಾಠ ಇದೇ ಎಂದು ನಮಗನಿಸುತ್ತದೆ.