ದುಡಿಮೆ ನಮೂದಾಗದ ಮೊಣಕಾಲು: ಕೀಲು ಸವೆತದ ರಾಷ್ಟ್ರೀಯ ಹೊರೆ ಮತ್ತು ಬೆಳಗಾವಿ–ಖಾನಾಪುರ

ಸಾರಾಂಶ

1990ರಿಂದ 2019ರವರೆಗೆ ಭಾರತದಲ್ಲಿ ಕೀಲು ಸವೆತದ ರೋಗಿಗಳ ಸಂಖ್ಯೆ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿದೆ. ಇದರ ಬಹುಪಾಲು ಜನಸಂಖ್ಯೆ ಮತ್ತು ಆಯುಸ್ಸಿನ ಏರಿಕೆಯ ಫಲ. ಆದರೆ ಈ ಅಂದಾಜು ರೋಗದ ಕಾರಣವಾಗಿ ದೇಹತೂಕವೊಂದನ್ನೇ ಎಣಿಸುವುದರಿಂದ, ಖಾನಾಪುರದಂಥ ಗದ್ದೆ-ಕಾಡಿನ ತಾಲ್ಲೂಕಿನ ನೋವಿಗೆ ಅದು ಸಾಲದು ಎಂಬುದು ಈ ಲೇಖನದ ವಾದ.

ಕೀಲಿಪದಗಳು: ಕೀಲು ಸವೆತ, ಟೊಂಕ ನೋವು, ರೋಗಹೊರೆ, ಕೃಷಿ ದುಡಿಮೆ, ಖಾನಾಪುರ

1. ಪೀಠಿಕೆ

ಮೊಣಕಾಲು ನೋವಿನಿಂದ ಯಾರೂ ಸಾಯುವುದಿಲ್ಲ. ಮರಣದ ದಾಖಲೆಗಳನ್ನೇ ನೆಚ್ಚಿದ್ದ ಹಳೆಯ ಆರೋಗ್ಯ ಅಂಕಿಅಂಶಗಳಲ್ಲಿ ಸ್ನಾಯು, ಮೂಳೆ, ಕೀಲುಗಳ ರೋಗಗಳು ಅದಕ್ಕೇ ಹಿಂದೆ ಉಳಿದವು. ಅಕಾಲ ಮರಣದಿಂದ ನಷ್ಟವಾದ ವರ್ಷಗಳಿಗೆ ಅಸಾಮರ್ಥ್ಯದಲ್ಲಿ ಕಳೆದ ವರ್ಷಗಳನ್ನೂ ಕೂಡಿಸುವ ‘ಡ್ಯಾಲಿ’ ಅಳತೆಯನ್ನು ವಿಶ್ವಬ್ಯಾಂಕಿನ 1993ರ ವಿಶ್ವ ಅಭಿವೃದ್ಧಿ ವರದಿ ಬಳಕೆಗೆ ತಂದ ಮೇಲೆ ಚಿತ್ರ ಬದಲಾಯಿತು. 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಟೊಂಕ ನೋವಿತ್ತು. 2050ರ ಹೊತ್ತಿಗೆ ಅದು 84.3 ಕೋಟಿ ಮುಟ್ಟಬಹುದೆಂಬ ಅಂದಾಜಿದೆ.

ಭಾರತದ ಒಟ್ಟು ಡ್ಯಾಲಿ ಹೊರೆಯಲ್ಲಿ ಅಸಾಂಕ್ರಾಮಿಕ ರೋಗಗಳ ಪಾಲು 1990ರಲ್ಲಿ ಶೇ. 30.5 ಇದ್ದದ್ದು 2016ರಲ್ಲಿ ಶೇ. 55.4ಕ್ಕೆ ಏರಿತು. ಸಾಂಕ್ರಾಮಿಕ ರೋಗ, ಬಾಣಂತಿ-ಶಿಶು ಕಾಯಿಲೆ ಮತ್ತು ಅಪೌಷ್ಟಿಕತೆಗಳ ಪಾಲು ಶೇ. 60.9ರಿಂದ 32.7ಕ್ಕೆ ಇಳಿಯಿತು. ಕೀಲು ಸವೆತದ ಏರಿಕೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

2. ಏರಿಕೆಯ ಘಟಕಗಳು

ಜಾಗತಿಕ ರೋಗಹೊರೆ ಅಧ್ಯಯನದ 2019ರ ಆವೃತ್ತಿಯಂತೆ, ದೇಶದಲ್ಲಿ ಕೀಲು ಸವೆತ ಇದ್ದವರು 1990ರಲ್ಲಿ 2.35 ಕೋಟಿ, 2019ರಲ್ಲಿ 6.24 ಕೋಟಿ. ಅಂದರೆ 2.66 ಪಟ್ಟು. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿದ ದರ ಮಾತ್ರ ಲಕ್ಷಕ್ಕೆ 4,895ರಿಂದ 5,313ಕ್ಕೆ, ಸುಮಾರು ಶೇ. 8.5ರಷ್ಟೇ ಏರಿದೆ. ಅದೇ ಅವಧಿಯಲ್ಲಿ ಜನಸಂಖ್ಯೆ ಸುಮಾರು 87 ಕೋಟಿಯಿಂದ 138 ಕೋಟಿಗೆ, ಎಂದರೆ 1.59 ಪಟ್ಟು ಬೆಳೆಯಿತು. ಈ ಎರಡನ್ನೂ ಭಾಗಿಸಿ ತೆಗೆದರೆ ಉಳಿಯುವುದು ಸುಮಾರು 1.54, ಅದು ಬಹುತೇಕ ಜನಸಂಖ್ಯೆಯ ವಯಸ್ಸು ಹೆಚ್ಚಿದ್ದರ ಪಾಲು. ಇದು ಸ್ಥೂಲ ವಿಭಜನೆ. ಆದರೂ ಮುಖ್ಯ ಸಂಗತಿ ಇದರಿಂದ ಸ್ಪಷ್ಟವಾಗುತ್ತದೆ: ಆಯಾ ವಯಸ್ಸಿನವರಲ್ಲಿ ರೋಗ ಮೊದಲಿಗಿಂತ ತೀರ ಹೆಚ್ಚು ಹರಡಿಲ್ಲ, ರೋಗ ಬರುವ ವಯಸ್ಸನ್ನು ತಲುಪುವವರು ಹೆಚ್ಚಿದ್ದಾರೆ. 2011ರ ಜನಗಣತಿಯಲ್ಲಿ 60 ದಾಟಿದವರು ದೇಶದಲ್ಲಿ ಶೇ. 8.6, ಕರ್ನಾಟಕದಲ್ಲಿ ಶೇ. 9.5. ಹೊರೆ ಇಲ್ಲಿ ತುಸು ಮುಂಚೆಯೇ ಬರಲಿದೆ.

3. ಕಾರಣಗಳ ಪಟ್ಟಿಯಲ್ಲಿ ಬಿಟ್ಟದ್ದು

ಇದೇ ಅಧ್ಯಯನ ಟೊಂಕ ನೋವಿಗೆ ದುಡಿಮೆಯ ಭಂಗಿ-ಭಾರ, ಧೂಮಪಾನ, ಅಧಿಕ ತೂಕ ಎಂಬ ಮೂರು ಕಾರಣಗಳನ್ನು ಎಣಿಸುತ್ತದೆ. ಕೀಲು ಸವೆತಕ್ಕೆ ಎಣಿಸುವುದು ಅಧಿಕ ತೂಕವೊಂದನ್ನೇ. ಒಂದೇ ಗದ್ದೆಯಲ್ಲಿ ಬಗ್ಗಿದ ಹೆಣ್ಣುಮಗಳ ಟೊಂಕಕ್ಕೆ ದುಡಿಮೆ ಕಾರಣವಾಗುತ್ತದೆ, ಅವಳ ಮೊಣಕಾಲಿಗೆ ಆಗುವುದಿಲ್ಲ.

ಇದಕ್ಕೆ ವಿರುದ್ಧವಾದ ಪುರಾವೆ ಹಳೆಯದು. ಮೊಣಕಾಲು ಮಡಿಸಿ ಭಾರ ಎತ್ತುವ ಕೆಲಸಕ್ಕೂ ಕೀಲು ಸವೆತಕ್ಕೂ ಇರುವ ನಂಟನ್ನು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1991ರಲ್ಲೇ ತೋರಿಸಿತ್ತು. ಬೀಜಿಂಗ್‌ನ ವೃದ್ಧೆಯರಲ್ಲಿ ಮೊಣಕಾಲು ಸವೆತ ಫ್ರೇಮಿಂಗ್‌ಹ್ಯಾಮ್‌ನ ಬಿಳಿಯ ಮಹಿಳೆಯರಿಗಿಂತ ಹೆಚ್ಚೆಂದು 2001ರಲ್ಲಿ ತಿಳಿಯಿತು. ದೀರ್ಘಕಾಲ ಕುಕ್ಕುರುಗಾಲಲ್ಲಿ ಕೂರುವ ರೂಢಿಗೂ ಅದಕ್ಕೂ ಸಂಬಂಧವಿದೆಯೆಂದು ಮುಂದೆ ಕಂಡುಬಂತು.

ಖಾನಾಪುರ ತಾಲ್ಲೂಕು ಪಶ್ಚಿಮಘಟ್ಟದ ಅಂಚಿನದು. ಭತ್ತದ ನಾಟಿ, ಕಳೆ ಕೀಳುವುದು, ತಲೆಹೊರೆ, ಹೆಂಚು-ಇಟ್ಟಿಗೆಗೆ ಮಣ್ಣು ತುಳಿಯುವುದು ಇಲ್ಲಿನ ಕೆಲಸಗಳು. ಭೀಮಗಡ ಅಭಯಾರಣ್ಯದ ಒಳಗಿನ ಕೆಲವು ಊರುಗಳಿಗೆ ಮಳೆಗಾಲದಲ್ಲಿ ವಾಹನ ಹೋಗುವುದಿಲ್ಲ. ಬೆಳಗಾವಿಯ ಶಿವಬಸವ ನಗರ ಇದಕ್ಕೆ ತದ್ವಿರುದ್ಧ: ಕಾಲೇಜು, ಕಚೇರಿ, ಕುಳಿತು ಮಾಡುವ ಉದ್ಯೋಗ, ಪಕ್ಕದ ನೆಹರೂ ನಗರದಲ್ಲಿ ದೊಡ್ಡ ಬೋಧನಾ ಆಸ್ಪತ್ರೆ. ಅಧಿಕ ತೂಕದ ವಿವರಣೆ ಈ ಬಡಾವಣೆಗೆ ಒಪ್ಪೀತು. ತೂಕ ಕಡಿಮೆಯಿದ್ದೂ ಮೊಣಕಾಲು ಸವೆದ ಗದ್ದೆಯ ಕೂಲಿಯವಳಿಗೆ ಒಪ್ಪುವುದಿಲ್ಲ. ಆಸ್ಪತ್ರೆಯ ದಾಖಲೆಯನ್ನು ನೆಚ್ಚಿದರೂ ಅಷ್ಟೇ: ಅದರಲ್ಲಿ ಬಂದವರು ಇರುತ್ತಾರೆ, ಬರಲಾಗದವರು ಇರುವುದಿಲ್ಲ.

4. ನೀತಿಯ ಅಂತರ

2010ರಲ್ಲಿ ಆರಂಭವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯುಗಳನ್ನು ಹಿಡಿದುಕೊಂಡಿತು. 2023ರ ವಿಸ್ತರಣೆಯಲ್ಲಿ ಮೂತ್ರಪಿಂಡ, ಶ್ವಾಸಕೋಶ, ಯಕೃತ್ತಿನ ರೋಗಗಳು ಸೇರಿದವು, ಕೀಲುಗಳು ಸೇರಲಿಲ್ಲ. ಹಿರಿಯರ ಆರೋಗ್ಯ ಕಾರ್ಯಕ್ರಮದಲ್ಲಿ ಫಿಸಿಯೋಥೆರಪಿ ಉಂಟು, ಆದರೆ ಅದು 60 ದಾಟಿದವರಿಗೆ. 45ಕ್ಕೇ ನಾಟಿಗೆ ಬಗ್ಗಲಾರದವಳು ಎರಡರ ನಡುವೆ ಉಳಿದುಬಿಡುತ್ತಾಳೆ.

5. ಸಮಾರೋಪ

ಮಾದರಿ ದೂರದಲ್ಲಿಲ್ಲ. ಪುಣೆ ಜಿಲ್ಲೆಯ ಭಿಗವಣದಲ್ಲಿ 1996ರಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆ, ವಯಸ್ಕರಲ್ಲಿ ಶೇ. 18ರಷ್ಟು ಜನರಿಗೆ ಸ್ನಾಯು-ಕೀಲು ನೋವಿದೆಯೆಂದು ತೋರಿಸಿತು. ಖಾನಾಪುರ ಮತ್ತು ಶಿವಬಸವ ನಗರಗಳಲ್ಲಿ ಅಂಥದೇ ಜೋಡಿ ಸಮೀಕ್ಷೆ ಆಗಬೇಕು. ಪ್ರಶ್ನಾವಳಿಯಲ್ಲಿ ವಯಸ್ಸು, ತೂಕಗಳ ಜೊತೆಗೆ ಬಗ್ಗಿ ದುಡಿದ ಗಂಟೆಗಳು, ಹೊರೆ ಹೊತ್ತ ವರ್ಷಗಳು ಇರಬೇಕು. 2006ರ ಚಿಕೂನ್‌ಗುನ್ಯಾ ಜ್ವರ ಬಂದಿತ್ತೇ ಎಂದೂ ಕೇಳಬೇಕು. ಆ ವರ್ಷ ದೇಶದ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು, ಅದರ ಕೀಲು ನೋವು ಹಲವರಲ್ಲಿ ತಿಂಗಳುಗಟ್ಟಲೆ ಉಳಿದಿತ್ತು. ವಯಸ್ಸು, ತೂಕ, ಜ್ವರಗಳನ್ನು ಸರಿದೂಗಿಸಿದ ಮೇಲೂ ಎರಡು ಊರುಗಳ ನಡುವೆ ಅಂತರ ಉಳಿದರೆ ದುಡಿಮೆಯನ್ನು ಕಾರಣಗಳ ಪಟ್ಟಿಗೆ ಸೇರಿಸಲೇಬೇಕು. ಉಳಿಯದಿದ್ದರೆ ಈ ಲೇಖನದ ವಾದ ಬಿದ್ದುಹೋಗುತ್ತದೆ.